ಕಡಲು ಕೊಡದ ನೆತ್ತಿಲಿ

ಕಳೆದ ವಾರ ಶ್ರೀನಿವಾಸಪುರದ ಸಂತೆಯಲ್ಲಿ ಒಣಮೀನು ಮಾರುವ ಮುನಿರತ್ನಮ್ಮನ ಜತೆ ಜಗಳಕ್ಕೆ ನಿಂತೆ. ಕಾರಣ? ಒಂದು ಹಿಡಿ ನೆತ್ತಿಲಿ. (ಬೆರಳುದ್ದದ ಪುಟ್ಟ ಮೀನು, ಗೊತ್ತಲ್ಲ?)

ನಗಬೇಡಿ. ನಮ್ಮತ್ತೆಗೆ ಟೈಫಾಯಿಡ್ ಬಿಟ್ಟು ಹತ್ತು ದಿನವಾಗಿತ್ತು. ಜ್ವರದ ಹಿಂದೆಯೇ ಹಸಿವೂ ಹೋಗಿತ್ತು. ಗಂಜಿ ಕೊಟ್ಟರೆ ಎರಡು ಗುಟುಕು, ಆಮೇಲೆ ಮುಖ ಗೋಡೆ ಕಡೆಗೆ. ದಿನೇ ದಿನೇ ಸೊರಗುತ್ತಿದ್ದರು. ನನಗೆ ನಿಜಕ್ಕೂ ಭಯವಾಗಿತ್ತು. "ಖಾರ ಕಮ್ಮಿ ಇರಲಿ, ಇಷ್ಟವಾದದ್ದು ಕೊಡಿ" ಅಂದರು ಡಾಕ್ಟರು. ಅತ್ತೆ ಕೇಳಿದ್ದು ಮುದ್ದೆ, ನೆತ್ತಿಲಿ ಸಾರು.

"ಲೇದಮ್ಮಾ, ಈ ಸಲ ಕಡಲು ಕೊಟ್ಟಿಲ್ಲ" ಅಂದಳು ಮುನಿರತ್ನಮ್ಮ.

ಕಡಲು ಕೊಟ್ಟಿಲ್ಲವಂತೆ! ಇದೆಂಥ ನೆಪ? "ಬೇಕಾದೋರಿಗೆ ಎತ್ತಿಟ್ಟಿದ್ದೀಯ, ನಂಗೊತ್ತಿಲ್ವಾ?" ಅಂತ ರೇಗಿ ಬಂದೆ.

ಮಾಲೂರಿನಲ್ಲಿ ಸೈನ್ಸ್ ಮೇಷ್ಟ್ರಾಗಿರುವ ಮೈದುನ ನಾಗೇಶ ಅಮ್ಮನನ್ನು ನೋಡಲು ಬಂದಿದ್ದ. ನನ್ನ ಪ್ರವರ ಕೇಳಿ ನಕ್ಕ. "ಅತ್ಗೆ, ಬೇಸಿಗೇಲಿ ಕೆರೆಗೋಡು ಮಣ್ಣು ಎತ್ತಿ ಹೊಲಕ್ಕೆ ಹೊಡೀತೀವಲ್ಲ? ಕಡಲಲ್ಲೂ ಅದೇ ಬೇಸಾಯ."

ದಡದಿಂದಾಚೆ ಭೂಮಿ ನೀರಿನಡಿ ಬಹುದೂರ ಚಾಚಿಕೊಂಡಿರುತ್ತದಂತೆ. ಅಲ್ಲಿ ಆಳ ಕಡಿಮೆ, ಮೀನಿನ ಹೊಲವೇ ಅದು. ಗೊಬ್ಬರ ಮಾತ್ರ ಆಚೆಯ ಆಳದ ತಣ್ಣೀರಿನಲ್ಲಿದೆ. ಗಾಳಿ ಮತ್ತು ಸಾಗರದುದ್ದಕ್ಕೂ ಹರಿಯುವ ದೊಡ್ಡ ಪ್ರವಾಹಗಳು ಅದನ್ನು ಎತ್ತಿ ಈ ಹೊಲಕ್ಕೆ ತರಬೇಕು. ಆಗ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯ ಬೆಳೆಯುತ್ತದೆ, ಮೀನಿಗೆ ಮೇವಾಗುತ್ತದೆ.

"ನಮ್ಮ ನೆತ್ತಿಲಿ ಬರೋ ಮಂಗಳೂರು ಕಡೆ ಆ ಆಳದ ನೀರು ಏಳೋದಕ್ಕೆ ಬಂಗಾಳ ಕೊಲ್ಲೀಲಿ ಬೀಸೋ ಗಾಳೀನೂ ಒಂದು ಕಾರಣ. ಏಳದಿದ್ರೆ ಮೇವಿಲ್ಲ. ಅತಿಯಾದ್ರೂ ಕಷ್ಟ. ಆ ನೀರಲ್ಲಿ ಆಕ್ಸಿಜನ್ ಕಮ್ಮಿ, ಮೀನು ಓಡೋಗ್ತವೆ."

ಅಂದರೆ ಮುನಿರತ್ನಮ್ಮ ಹೇಳಿದ್ದು ನಿಜವೇ ಇರಬೇಕು. (ಡಿಗ್ರಿ ಮಾಡಿದವಳು ನಾನು!)

ಮರುದಿನ ಕ್ಷಮೆ ಕೇಳಲು ಹೊರಟರೆ, ಅವಳೇ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನಮ್ಮನೆ ಡಬ್ಬೀಲಿ ಒಂದಿಡಿ ಹಳೇದಿತ್ತು. ಅಜ್ಜಿಗೆ ಉಷಾರಿಲ್ಲ ಅಂತ ಯಾರೋ ಅಂದ್ರು, ನೀನೇ ಮೊದ್ಲೇ ಹೇಳ್ಬಾರ್ದಾ ತಲ್ಲೀ?"

ಎರಡೂ ಕೈಯೊಡ್ಡಿ ಪೊಟ್ಟಣ ತೆಗೆದುಕೊಂಡೆ. ಕಣ್ಣು ತುಂಬಿ ಬಂತು. ಆ ಒಂದು ಹಿಡಿಗೆ ನಾನು ಬದುಕಿರುವ ತನಕ ಅವಳಿಗೆ ಋಣಿ. ಕೋಲಾರದ ಸೀಮೆಯಲ್ಲಿ ಕೂತು ಒಮ್ಮೆಯೂ ನೆನೆಯದ ಕಡಲಿಗೂ ಋಣಿ.

ಅತ್ತೆ ಎದ್ದು ಕೂತು ಇಡೀ ಮುದ್ದೆ ತಿಂದರು! ಆ ಖುಷಿಗೆ ನಾನು ಎದುರು ಕೂತು ಆಳದ ನೀರು, ಪ್ರವಾಹ, ಬಂಗಾಳ ಕೊಲ್ಲಿ ಎಲ್ಲವನ್ನೂ ಒಪ್ಪಿಸಿದೆ. ಬೆರಳು ಚೀಪುತ್ತಾ ಕೇಳಿಸಿಕೊಂಡು ಅಂದರು:

"ಅಷ್ಟು ದೂರದ ನೀರೇ ಬಂದು ಮೀನು ಸಾಕ್ತೈತೆ, ನಿಂಗೆ ಅಡುಗೆಮನೆಯಿಂದ ಇನ್ನೊಂದು ಮುದ್ದೆ ತರಕ್ಕಾಗಲ್ವೇನೇ?"