ರುದ್ರಪ್ಪನವರ ದನಿ, ನನ್ನ ಬಾಯಿ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಜಗತ್ತಿನಲ್ಲಿ ನೋಡಲೇಬೇಕಾದ ಜಾಗಗಳನ್ನೆಲ್ಲ ಮೊಬೈಲಿನಲ್ಲಿ ಉರುಹೊಡೆದಿದ್ದ ನಾನು, ದಾವಣಗೆರೆಯಿಂದ ಬಸ್ಸು ಹತ್ತಿ ಹರಿಹರದ ಗುಡಿಗೆ ಬಂದದ್ದು ಇವತ್ತೇ ಮೊದಲು. ಒಳಗೆ ಗೈಡ್ ರುದ್ರಪ್ಪನವರು ಕುಕ್ಕುವಾಡದ ಹೆಂಗಸರಿಗೆ ಕಂಬಗಳನ್ನು ತೋರಿಸುತ್ತಿದ್ದರು. ನಾನು ಹಿಂದೆ ನಿಂತು, ಅವರಂತೆಯೇ ಮೂಗಿನಲ್ಲಿ ರಾಗ ಎಳೆದು, "ನೋಡ್ರೀ ತಾಯಂದಿರಾ" ಎಂದು ಅಣಕಿಸಿದೆ. ಹೆಂಗಸರು ನಕ್ಕರು. ರುದ್ರಪ್ಪನವರು ನನ್ನನ್ನು ಬೈಯಲು ಬಾಯಿ ತೆರೆದರು, ದನಿಯೇ ಹೊರಡಲಿಲ್ಲ. ಬೆಳಗಿನಿಂದ ಹೇಳಿ ಹೇಳಿ ಗಂಟಲು ಕಟ್ಟಿತ್ತು.

"ಟೆಂಪೋದವ ಕಾಯ್ತಾನೆ, ನಡೀರೇ," ಎಂದು ಒಬ್ಬ ಅಜ್ಜಿ ಹೊರಟೇಬಿಟ್ಟಳು.

ರುದ್ರಪ್ಪನವರು ನನ್ನ ತೋಳು ಹಿಡಿದು ಪಿಸುಗುಟ್ಟಿದರು: "ನನ್ನಂಗೇ ಮಾತಾಡ್ತೀಯಲ್ಲ, ಈಗ ಮಾತಾಡು. ಮೂರ್ತಿ ನೋಡ್ದೆ ಹೋದ್ರೆ ಇವ್ರು ಬಂದಿದ್ದೇ ದಂಡ ಆಗ್ತೈತೆ."

ಅವರು ಕಿವಿಯಲ್ಲಿ ಹೇಳಿದ್ದನ್ನು ನಾನು ಅವರ ದನಿಯಲ್ಲಿ ಕೂಗಿದೆ. ಅಜ್ಜಿ ತಿರುಗಿ ಬಂದಳು. ನುಣುಪಾದ ಕಂಬದಲ್ಲಿ ತಮ್ಮ ಮುಖ ಕಂಡು ಹೆಂಗಸರು ಸೆರಗು ಸರಿಮಾಡಿಕೊಂಡರು. ಗರ್ಭಗುಡಿಯ ಎದುರು ರುದ್ರಪ್ಪನವರು ಪಿಸುಗುಡುವುದನ್ನು ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ. ಅರ್ಧ ಶಿವ, ಅರ್ಧ ವಿಷ್ಣು, ಮೈ ಮಾತ್ರ ಒಂದೇ, ಇಂಥದ್ದು ಪಿರಮಿಡ್ಡಿನಲ್ಲೂ ಇಲ್ಲ ಎಂದು ಒದರುತ್ತಲೇ ಇದ್ದೆ.

ಹೊರಗೆ ಬಂದು ಕೇಳಿದೆ: "ಹೆಂಗಿತ್ರೀ ಯಜಮಾನ್ರೇ, ನಿಮ್ಮಂಗೇ ಇತ್ತಾ?"

"ದನಿ ನಂದೇ ಇತ್ತಪ್ಪ. ಆದ್ರೆ ಆ ಮೂರ್ತಿ ಮುಂದೆ ನಾನು ಬಾಯಿ ಮುಚ್ಕೊಂಡು ನಿಂತ್ಕೋತೀನಿ. ಅದನ್ನ ನೀನು ಕಲೀಲಿಲ್ಲ."