‘ತಿಳಿಯಲಿಲ್ಲ’ ಒತ್ತುತ್ತಿದ್ದ ಹುಡುಗಿ

ನಾನು ಹುಟ್ಟಾ ಸಂಶಯದವಳು. ನರಗುಂದದ ಸಂತೆಯಲ್ಲಿ ತಕ್ಕಡಿಯ ತಳ ಮುಟ್ಟಿ ನೋಡದೆ ಬದನೆಕಾಯಿ ಕೊಂಡವಳಲ್ಲ. ಅಂಥವಳ ಕೈಗೆ, ಶಾಲೆ ಮುಚ್ಚಿದ್ದ ಆ ದಿನಗಳಲ್ಲಿ, ಐದನೇ ತರಗತಿಯ ಮಕ್ಕಳಿಗೆ ಮೊಬೈಲಿನಲ್ಲೇ ಗಣಿತ ಕಲಿಸುವ ಕೆಲಸ ಬಂತು.

ಹತ್ತು ನಿಮಿಷದ ವಿಡಿಯೋ, ಅದರ ಕೆಳಗೆ ‘ತಿಳಿಯಿತು’, ‘ತಿಳಿಯಲಿಲ್ಲ’ ಎಂಬ ಎರಡು ಬಟನ್, ಕೊನೆಗೆ ಐದು ಪ್ರಶ್ನೆ. ಹೀಗೆ ಪಾಠ ಹೊಂದಿಸಿದ್ದೆ. ಫೋನಿದ್ದ ಮಕ್ಕಳೆಲ್ಲ ‘ತಿಳಿಯಿತು’ ಒತ್ತುತ್ತಿದ್ದರು. ನನಗೆ ಭಾರೀ ಹೆಮ್ಮೆ; ಅವರ ಉತ್ತರಗಳನ್ನು ತೆರೆದು ನೋಡಲೂ ಇಲ್ಲ. ಶಿರೋಳದ ಒಬ್ಬ ಹುಡುಗಿ ಮಾತ್ರ ಹನ್ನೊಂದು ಪಾಠಕ್ಕೂ ‘ತಿಳಿಯಲಿಲ್ಲ’ ಒತ್ತಿದ್ದಳು. ಆದರೆ ಪ್ರಶ್ನೆಗಳಲ್ಲಿ ಐದಕ್ಕೆ ಐದು! ತಿಳಿಯದವಳು ಸರಿಯಾಗಿ ಬರೆಯುವುದು ಹೇಗೆ? ಯಾರೋ ದೊಡ್ಡವರು ಬರೆದುಕೊಡುತ್ತಿದ್ದಾರೆ ಎಂದುಕೊಂಡೆ. ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ನಮ್ಮಿಂದ ಹೋಗಬೇಕಿದ್ದದ್ದು ಇವಳೊಬ್ಬಳ ಹೆಸರು. ಅದನ್ನು ತೆಗೆಯಿರಿ ಎಂದು ಹೆಡ್ಮಾಸ್ತರರಿಗೆ ಚೀಟಿ ಬರೆದು ಚೀಲದಲ್ಲಿಟ್ಟುಕೊಂಡೆ. ಕೊಡುವ ಮುಂಚೆ ಕಳ್ಳತನ ಕಣ್ಣಾರೆ ಹಿಡಿಯಬೇಕೆಂದು ಸ್ಕೂಟಿ ಹತ್ತಿ ಶಿರೋಳಕ್ಕೆ ಹೊರಟೆ.

ಅವಳ ತಾಯಿ ಕಳೆ ತೆಗೆಯಲು ಹೊಲಕ್ಕೆ ಹೋಗಿದ್ದಳು. ಪಡಸಾಲೆಯಿಂದ ನನ್ನದೇ ಧ್ವನಿ ಕೇಳಿಸುತ್ತಿತ್ತು. ಬಾಗಿಲ ಮರೆಯಲ್ಲಿ ನಿಂತು ಇಣುಕಿದೆ. ದನಿ ದೊಡ್ಡದಾಗಲೆಂದು ಫೋನನ್ನು ಸ್ಟೀಲ್ ಬೋಗುಣಿಯಲ್ಲಿ ಇಟ್ಟಿದ್ದರು. ಸುತ್ತ ಆ ಹುಡುಗಿ, ಜೊತೆಗೆ ಅವಳ ತರಗತಿಯವರೇ ಆದ ಓಣಿಯ ನಾಲ್ಕು ಮಕ್ಕಳು. ದೊಡ್ಡವರು ಒಬ್ಬರೂ ಇಲ್ಲ.

ನನ್ನನ್ನು ಕಂಡದ್ದೇ ತಡ, ಐವರೂ ದಡಬಡ ಎದ್ದು ನಿಂತರು.

“ನಿನ್ನ ಪರೀಕ್ಷಾ ಯಾರು ಬರೀತಾರ? ಖರೇ ಹೇಳು,” ಎಂದು ಹುಡುಗಿಯನ್ನು ಗದರಿದೆ.

“ನಾನ ಬರೀತೀನ್ರಿ ಅಕ್ಕಾರ.”

ನಂಬಲಿಲ್ಲ. ಸುಣ್ಣದ ಕಡ್ಡಿ ಕೊಟ್ಟು, ನೆಲದ ಮೇಲೆ ಅರ್ಧಕ್ಕೆ ಕಾಲು ಕೂಡಿಸಲು ಹೇಳಿದೆ. ಥಟ್ಟನೆ ಮುಕ್ಕಾಲು ಎಂದು ಬರೆದಳು.

“ಮತ್ತ ತಿಳೀಲಿಲ್ಲ ಅಂತ ಯಾಕ ಒತ್ತೀದಿ?”

“ನಂಗ ತಿಳೀತ್ರಿ. ಇವ್ರಿಗೆ ತಿಳೀಲಿಲ್ರಿ. ಇವ್ರ ಮನ್ಯಾಗ ಫೋನ್ ಇಲ್ರಿ.”

ನಾಲ್ವರ ಕಡೆ ತಿರುಗಿ, “ಏನ್ರೋ, ತಿಳೀತೋ ಇಲ್ಲೋ?” ಎಂದೆ.

“ತಿಳೀತ್ರಿ ಅಕ್ಕಾರ!” ಒಂದೇ ರಾಗದಲ್ಲಿ ಕೂಗಿದರು.

ಅದೇ ಲೆಕ್ಕ ಕೇಳಿದೆ. ನಾಲ್ವರೂ ತಲೆ ತಗ್ಗಿಸಿ ನೆಲ ನೋಡತೊಡಗಿದರು. ಅಯ್ಯೋ! ಉಳಿದ ಮಕ್ಕಳ ಆ ‘ತಿಳಿಯಿತು’ಗಳಲ್ಲಿ ಖರೇ ಎಷ್ಟು, ಮರ್ಯಾದೆಗೆ ಒತ್ತಿದ್ದು ಎಷ್ಟು?

ಹುಡುಗಿ ಮೆಲ್ಲಗೆ ಅಂದಳು: “ಅಕ್ಕಾರು ಕೇಳಿದ್ರ ತಿಳೀಲಿಲ್ಲ ಅನಬಾರದಂತ್ರಿ. ಅದಕ್ಕ ನಾ ಫೋನಿಗೆ ಹೇಳ್ತಿದ್ದೆ.”

ಚೀಲದೊಳಗೆ ಕೈಹಾಕಿ ಆ ಚೀಟಿಯನ್ನು ಮುದ್ದೆ ಮಾಡಿದೆ.

“ನಿಮಗ ಫೋನ್ ಹೇಳಲಿಲ್ಲೇನ್ರಿ ಅಕ್ಕಾರ?” ಎಂದು ಕೇಳಿದಳು.

ಹೇಳಿತ್ತು. ಹನ್ನೊಂದು ಸಲ ಹೇಳಿತ್ತು.