ಮನೆಯವರ ತಂಗಿ ಮಗಳು

ಬಿಷ್ಕೆಕ್‌ನ ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ, ನನ್ನ ಎದುರು ಮನೆಯ ಜಿಪಾರ್ ಯಾರು ಬಾಗಿಲು ತಟ್ಟಿದರೂ ಮೊದಲು ಹೇಳುವುದು, "ನಾನು ಮನೆಯವರ ತಂಗಿ ಮಗಳು!" ಬಾಡಿಗೆಯ ವಿಷಯ ತೆರಿಗೆಯವರ ಕಿವಿಗೆ ಬೀಳಬಾರದೆಂದು ಕೆಳಮಹಡಿಯಲ್ಲೇ ಇರುವ ಒಡತಿ ಬುರುಲ್ಚಾ ಕಲಿಸಿದ ಪಾಠವದು. ಗ್ಯಾಸಿನವನಿಗೂ ಅದನ್ನೇ ಒಪ್ಪಿಸುತ್ತಾಳೆ, ದಾರಿ ತಪ್ಪಿ ಬಂದ ಕುಡುಕನಿಗೂ ಅದನ್ನೇ. ಆರು ವರ್ಷವಾದರೂ ಗೋಡೆಗೆ ಒಂದು ಮೊಳೆ ಹೊಡೆದಿಲ್ಲ. ತಾಯಿಯ ಪಟ ಇನ್ನೂ ಕುರ್ಚಿಯ ಮೇಲೇ ಕೂತಿದೆ. ಬೋರ್ಸೋಕ್ ಎಂಬ ಹಿಟ್ಟಿನ ತಿಂಡಿ ಕರಿದರೆ ಮೊದಲ ತಟ್ಟೆ ಒಡತಿಗೆ. "ದೊಡ್ಡಮ್ಮಾ, ಬಿಸಿ ಇದೆ, ತಗೊಳ್ಳಿ" ಎನ್ನುತ್ತಲೇ ಅವಳ ಮುಖವನ್ನೇ ನೋಡುತ್ತಾಳೆ. "ಊರಿಂದ ನೆಂಟರು ಬರ್ತಾರೆ ಕಣೇ" ಎಂದು ಒಡತಿ ಬಾಯಿಬಿಟ್ಟರೆ, ಗಂಟುಮೂಟೆ ಕಟ್ಟು ಎಂದೇ ಇಲ್ಲಿ ಅರ್ಥ. ಮೊನ್ನೆ ಬಾಡಿಗೆದಾರರ ಸಂಘದ ಹುಡುಗಿಯೊಬ್ಬಳು ಬಂದಳು. "ಅಕ್ಕಾ, ಕಾರಣವಿಲ್ದೆ ಮನೆ ಬಿಡಿಸಬಾರ್ದು, ಮನಸ್ಸಿಗೆ ಬಂದಂಗೆ ಬಾಡಿಗೆ ಏರಿಸಬಾರ್ದು ಅಂತ ಕಾನೂನು ಕೇಳ್ತಿದೀವಿ. ಬಾಡಿಗೆಯವರೆಲ್ಲ ಸಹಿ ಹಾಕ್ತಿದಾರೆ." ಜಿಪಾರ್ ಅವಳು ಚಾಚಿದ ಮನವಿಪತ್ರವನ್ನು ಎರಡು ಸಲ ಓದಿದಳು, ಪೆನ್ನು ತೆಗೆದುಕೊಂಡಳು. ಕೆಳಗೆಲ್ಲೋ ಬಾಗಿಲು ಕಿರ್ ಎಂದಿತು. "ನಾನು ಬಾಡಿಗೆಯವಳಲ್ಲಮ್ಮ, ತಂಗಿ ಮಗಳು" ಎಂದು ಪೆನ್ನು ಹಿಂದಿರುಗಿಸಿದಳು. ಹುಡುಗಿ ಎದುರು ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದಳು. ಒಂಬತ್ತು ವರ್ಷದಿಂದ ಬಾಡಿಗೆ ಕಟ್ಟುತ್ತಿರುವ ನಾನು ಗಂಟಲು ಸರಿಮಾಡಿಕೊಂಡು, "ಇದು ನಮ್ಮ ಸೋದರಮಾವನ ಮನೆ" ಎಂದೆ.